ಒಂದೇ ಗದ್ದೆಯಲ್ಲಿ ಎರಡು ಉದ್ದದವಡೆ ಜೇಡ: ಬಲೆಯ ಎತ್ತರ ಅಳೆಯೋದು ಹೇಗೆ?

ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಭತ್ತದಲ್ಲಿ ಟೆಟ್ರಾಗ್ನಾಥಾ ಜಾವನಾ, ಟೆಟ್ರಾಗ್ನಾಥಾ ಮ್ಯಾಂಡಿಬ್ಯುಲಾಟಾ ಎಂಬ ಉದ್ದದವಡೆ ಜೇಡದ ಪ್ರಭೇದಗಳು ಎರಡೂ ಒಂದೇ ಎತ್ತರದಲ್ಲಿ ಇರ್ತಾವಾ ಅಂತ ಕೇಳಿದ್ದೀರಿ, ಮಧ್ಯಾಹ್ನ ಎಣಿಸಿದ ಪಟ್ಟಿ ಹಾಕಿದ್ದೀರಿ. ತೊಡಕು ಅಲ್ಲೇ ಇದೆ. ಇವು ಹೆಚ್ಚಾಗಿ ಮುಸ್ಸಂಜೆಗೆ ಬಲೆ ಕಟ್ಟುತ್ತವೆ. ಹಗಲು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಗರಿಗೆ ಅಂಟಿಕೊಂಡಿರುತ್ತವೆ. ನೀವು ಬರೆದುಕೊಂಡಿದ್ದು ಅವು ಅಡಗುವ ಜಾಗ, ಬೇಟೆಯ ಜಾಗವಲ್ಲ.

ಕತ್ತಲಾದ ಮೇಲೆ ಹೆಡ್‌ಲ್ಯಾಂಪ್ ಹಾಕಿಕೊಂಡು ಬದುವಿನ ಮೇಲೇ ನಿಂತು ನೋಡಿ. ನಡುವೆ ತೂತಿರುವ, ಅಡ್ಡಕ್ಕೋ ಓರೆಗೋ ಹರಡಿದ ಬಲೆ ಇವುಗಳದ್ದು. ನೀರಿನ ಮಟ್ಟದಿಂದ ಆ ತೂತಿನ ತನಕದ ಎತ್ತರ, ಬಲೆಯ ಅಗಲ, ನಾಟಿಯಾಗಿ ಎಷ್ಟು ದಿನ, ಇಷ್ಟನ್ನೂ ಬರೆಯಿರಿ. ನಾಟಿ ದಿನ ಬಿಟ್ಟರೆ ಲೆಕ್ಕವೆಲ್ಲ ಹಾಳು: 20 ದಿನದ ಪೈರನ್ನೂ 60 ದಿನದ್ದನ್ನೂ ಬೆರೆಸಿದರೆ ಪೈರಿನ ಎತ್ತರದ ವ್ಯತ್ಯಾಸವೇ ಜೇಡದ ಆಯ್ಕೆಯಂತೆ ಕಾಣುತ್ತೆ.

ಎಳೆ ಕಾಣದಿದ್ದರೆ ಹಳೇ ಕಾಲುಚೀಲಕ್ಕೆ ಕಾರ್ನ್‌ಫ್ಲೋರ್ ತುಂಬಿ ಮೆಲ್ಲಗೆ ತಟ್ಟಿ. ಒಂದೇ ಸಲ ಸಾಕು. ಹಿಟ್ಟು ಜಾಸ್ತಿಯಾದರೆ ಅಂಟು ಹೋಗಿ ಬಲೆ ಕೆಲಸಕ್ಕೆ ಬಾರದು, ಪಾಪ.

ಇನ್ನು ಎರಡನ್ನೂ ಬೇರೆ ಮಾಡೋದು: ಹೊಟ್ಟೆಯ ತುದಿ ನೂಲುಬಾಯಿ (ಎಳೆ ಹೊರಬರುವ ಅಂಗ) ದಾಟಿ ಬಾಲದಂತೆ ಚಾಚಿರುವ ಹೆಣ್ಣು ಜಾವನಾ. ಮರಿಗಳಿಗೆ ಮಾತ್ರ ದಯವಿಟ್ಟು ಪ್ರಭೇದದ ಹೆಸರು ಕೊಡಬೇಡಿ, ‘ಟೆಟ್ರಾಗ್ನಾಥಾ ಮರಿ’ ಅಂತ ಬೇರೆ ಸಾಲಲ್ಲಿಡಿ.