ಘಾಟಿಯಲ್ಲಿ ಕಾರು ವಾಲುತ್ತಿದೆಯೇ? ದಪ್ಪ ಬಾರ್ ಹಾಕಿಸುವ ಮೊದಲು ಕೆಳಗೆ ಬಗ್ಗಿ ನೋಡಿ

ಪ್ರಶ್ನೆ: ನಮಸ್ಕಾರ ಸರ್. ನಾನು ಆಲ್ದೂರಿನವನು. ನನ್ನ ಹತ್ರ 2014ರ ಸ್ವಿಫ್ಟ್ ಇದೆ, 90 ಸಾವಿರ ಕಿಲೋಮೀಟರ್ ಓಡಿದೆ. ತಿಂಗಳಿಗೆ ಎರಡು ಸಲ ಅಮ್ಮನನ್ನು ಕರ್ಕೊಂಡು ಕೊಟ್ಟಿಗೆಹಾರ ದಾಟಿ, ಚಾರ್ಮಾಡಿ ಇಳಿದು ಉಜಿರೆಗೆ ಹೋಗುತ್ತೇನೆ. ತಿರುವಿನಲ್ಲಿ ಕಾರು ತುಂಬಾ ವಾಲುತ್ತದೆ. ಹಿಂದಿನ ಸೀಟಿನಲ್ಲಿ ಕೂತ ಅಮ್ಮನಿಗೆ ಅರ್ಧ ಘಾಟಿಗೇ ವಾಂತಿ. ಮುಂದೆ ಹಿಂದೆ ದಪ್ಪ ಸ್ವೇ ಬಾರ್ ಹಾಕ್ಸು, ಜೊತೆಗೆ ಕಾರು ತಗ್ಗಿಸುವ ಸ್ಪ್ರಿಂಗ್ ಹಾಕ್ಸು, ಅಲುಗಾಡದೆ ಹೋಗುತ್ತೆ ಅಂತ ಗೆಳೆಯರು ಹೇಳ್ತಾರೆ. ಹಾಕಿಸಲಾ?

ಉತ್ತರ: ಈಗಲೇ ಬೇಡ. ಇಷ್ಟು ಓಡಿದ ಕಾರು ವಾಲುತ್ತಿದೆ ಅಂದರೆ, ಮೊದಲು ಸವೆದಿರುವುದು ಏನು ಅಂತ ಹುಡುಕಬೇಕು. ಸವೆದ ಭಾಗಗಳ ಮೇಲೆ ದಪ್ಪ ಬಾರ್ ಕೂರಿಸಿದರೆ ದುಡ್ಡೂ ಹೋಗುತ್ತದೆ, ತೊಂದರೆಯೂ ಹಾಗೇ ಉಳಿಯುತ್ತದೆ.

ಸ್ವೇ ಬಾರ್ ಅಂದರೆ ಎಡ ಬಲ ಚಕ್ರಗಳನ್ನು ಜೋಡಿಸುವ ಸ್ಟೀಲ್ ಸರಳು. ಸ್ಟೆಬಿಲೈಸರ್ ಬಾರ್ ಅಂತಲೂ ಕರೆಯುತ್ತಾರೆ. ಅದು ಎರಡು ರಬ್ಬರ್ ಬುಷ್‌ಗಳಲ್ಲಿ ಕೂತಿರುತ್ತದೆ, ಎರಡು ತುದಿಯನ್ನೂ ಚಕ್ರದ ಕಡೆಗೆ ಜೋಡಿಸಲು ಒಂದೊಂದು ಸಣ್ಣ ಸರಳು, ಅದೇ ಲಿಂಕ್ ರಾಡ್. ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದರೆ ಬಾರ್ ಬುಷ್‌ನೊಳಗೆ ಸುಮ್ನೆ ತಿರುಗುತ್ತದೆ, ಅದಕ್ಕೆ ಕೆಲಸವಿಲ್ಲ. ಒಂದು ಚಕ್ರ ಮೇಲಕ್ಕೆ, ಇನ್ನೊಂದು ಕೆಳಕ್ಕೆ ಹೋದಾಗ ಮಾತ್ರ ತಿರುಚಿಕೊಳ್ಳುತ್ತದೆ. ಆ ತಿರುಚು ಬಿಚ್ಚಿಕೊಳ್ಳಲು ಒದ್ದಾಡುವ ಬಲವೇ ಕಾರನ್ನು ವಾಲದಂತೆ ಹಿಡಿಯುವುದು.

ಜೋಡೆತ್ತಿನ ನೊಗ ನೆನಪು ಮಾಡಿಕೊಳ್ಳಿ. ಒಂದು ಎತ್ತು ಗುಂಡಿಗೆ ಕಾಲಿಟ್ಟರೆ ಇನ್ನೊಂದರ ಕುತ್ತಿಗೆಯೂ ಜಗ್ಗುತ್ತದೆ, ಅಲ್ವಾ? ಬಾರ್ ದಪ್ಪವಾದಷ್ಟೂ ಇದೇ ಆಗುವುದು. ನುಣ್ಣಗಿನ ರಸ್ತೆಯ ತಿರುವಿನಲ್ಲಿ ಕಾರು ನೆಟ್ಟಗೆ ನಿಲ್ಲುತ್ತದೆ, ನಿಜ. ಆದರೆ ಎಡ ಚಕ್ರ ಒಂದು ಗುಂಡಿಗೆ ಬಿದ್ದರೆ ಆ ಪೆಟ್ಟು ಬಲಗಡೆಗೂ ಹೋಗುತ್ತದೆ. ಕಾರು ತಲೆ ಆಡಿಸಿದ ಹಾಗೆ ಪಕ್ಕದಿಂದ ಪಕ್ಕಕ್ಕೆ ಒದರುತ್ತದೆ. ನಿಮ್ಮ ಕಡೆ ಮಳೆಗಾಲದಲ್ಲಿ ರಸ್ತೆಯ ಅಂಚು ಕಿತ್ತು ಹೋಗಿ, ಒಂದೇ ಬದಿಯ ಚಕ್ರ ಗುಂಡಿಗೆ ಬೀಳುವುದೇ ಜಾಸ್ತಿ. ಅಮ್ಮನಿಗೆ ಈಗ ಇರುವ ತೊಂದರೆಯ ಜೊತೆ ಇನ್ನೊಂದು ಸೇರುತ್ತದೆ ಅಷ್ಟೇ.

ಅಂಗಡಿಯಲ್ಲಿ 'ಎರಡೇ ಮಿಲಿಮೀಟರ್ ದಪ್ಪ ಸರ್' ಅಂತ ಹೇಳಬಹುದು. ಆ ಎರಡನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗಟ್ಟಿ ಸರಳಿನ ಬಿಗಿತ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. 20 ಮಿಲಿಮೀಟರ್ ಬಾರ್ ತೆಗೆದು ಅದೇ ಆಕಾರದ 22 ಹಾಕಿದರೆ ಬಿಗಿತ ಸುಮಾರು 46% ಜಾಸ್ತಿ. 24 ಹಾಕಿದರೆ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚೇ. ಅಷ್ಟು ಬಲವನ್ನು ಹಳೇ ಲಿಂಕ್, ಹಳೇ ಬ್ರಾಕೆಟ್ ತಡೆಯಬೇಕು.

ವಾಲುವುದು ಕಡಿಮೆಯಾದರೆ ಹಿಡಿತ ಜಾಸ್ತಿಯಾಯಿತು ಅಂತ ಅನಿಸುತ್ತದೆ. ಅಪಾಯ ಇರುವುದು ಇಲ್ಲೇ. ತಿರುವಿನಲ್ಲಿ ಒಳಗಿನ ಚಕ್ರದಿಂದ ಹೊರಗಿನ ಚಕ್ರಕ್ಕೆ ಎಷ್ಟು ಭಾರ ಸರಿಯುತ್ತದೆ ಅನ್ನುವುದು ಮುಖ್ಯವಾಗಿ ನಿಮ್ಮ ವೇಗ, ತಿರುವಿನ ಬಿಗಿ, ಕಾರಿನ ಎತ್ತರ ಮತ್ತು ಅಗಲದ ಮೇಲೆ ನಿಂತಿದೆ. ಬಾರ್ ಆ ಭಾರವನ್ನು ಮುಂದೆಷ್ಟು ಹಿಂದೆಷ್ಟು ಅಂತ ಹಂಚುತ್ತದೆ, ಇಲ್ಲವಾಗಿಸುವುದಿಲ್ಲ. ಮುಂದೆ ದಪ್ಪ ಹಾಕಿದರೆ ಕಾರಿನ ಮೂತಿ ತಿರುವಿನ ಹೊರಕ್ಕೆ ಜಾರಲು ನೋಡುತ್ತದೆ. ಹಿಂದೆ ದಪ್ಪ ಹಾಕಿದರೆ ಬಾಲ ಬೀಸಲು ನೋಡುತ್ತದೆ. ನಿಮ್ಮ ಕಾರಿನ ಹಿಂದಿನ ಆಕ್ಸಲ್ ತಾನೇ ತಿರುಚಿಕೊಳ್ಳುವ ತೊಲೆಯಂಥದ್ದು, ಅದೇ ಅರ್ಧ ಸ್ವೇ ಬಾರ್ ಕೆಲಸ ಮಾಡುತ್ತಿದೆ. ಅದಕ್ಕೆ ಇನ್ನೊಂದು ಸರಳು ಬಿಗಿದರೆ ಹಿಂದಿನ ಬಿಗಿತ ಒಮ್ಮೆಲೇ ಏರುತ್ತದೆ.

ಇದನ್ನು ನಾನು ಅನುಭವಿಸಿದ್ದೇನೆ. ವರ್ಷಗಳ ಹಿಂದೆ ಇಂಥದ್ದೇ ಪುಟ್ಟ ಕಾರಿಗೆ ಹಿಂದೆ ಬಾರ್ ಹಾಕಿಸಿದ್ದೆ. ಫೆಬ್ರವರಿಯ ಒಣ ರಸ್ತೆಯಲ್ಲಿ ಕಾರು ಬಾಣದ ಹಾಗೆ ತಿರುಗುತ್ತಿತ್ತು, ತುಂಬಾ ಖುಷಿಯಾಗಿತ್ತು. ಮಾರ್ಚ್ ಕೊನೆಗೆ ಕಾಫಿಗೆ ಹೂಮಳೆ ಬಿತ್ತು. ತಿಂಗಳುಗಟ್ಟಲೆ ಕೂತ ಧೂಳು, ಎಣ್ಣೆ, ಟ್ರ್ಯಾಕ್ಟರ್ ಟೈರಿನ ಕೆಮ್ಮಣ್ಣು ಎಲ್ಲ ಸೇರಿ ರಸ್ತೆ ಲೋಳೆಯಾಗಿತ್ತು. ಮೂಡಿಗೆರೆ ಕಡೆಯ ಒಂದು ಇಳಿಜಾರಿನ ತಿರುವಿನಲ್ಲಿ ಎದುರಿಗೆ ಬಸ್ಸು ಕಂಡು ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ಅಷ್ಟಕ್ಕೇ ಹಿಂಬದಿ ಜಾರಿ ಕಾರು ಅಡ್ಡ ನಿಂತಿತು. ಬಸ್ಸಿನ ಡ್ರೈವರ್ ಮೊದಲೇ ನಿಲ್ಲಿಸಿದ್ದರಿಂದ ಉಳಿದೆ. ಕೈ ನಡುಗುವುದು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಆ ವಾರವೇ ಬಾರ್ ಬಿಚ್ಚಿಸಿದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಗಾದರೆ ಏನು ಮಾಡಬೇಕು? ಟೈರಿನಿಂದ ಶುರು ಮಾಡಿ. ಡ್ರೈವರ್ ಬಾಗಿಲಿನ ಪಕ್ಕ ಅಂಟಿಸಿರುವ ಚೀಟಿಯಲ್ಲಿ ಗಾಳಿ ಎಷ್ಟಿರಬೇಕು ಅಂತ ಇದೆ, ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಅಷ್ಟು ಹಿಡಿಸಿ. ಗಾಳಿ ಕಡಿಮೆ ಇದ್ದರೆ ಟೈರಿನ ಪಕ್ಕೆಯೇ ಮಡಚಿ ಕಾರು ವಾಲಿದ ಹಾಗೆ ಅನಿಸುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತ ಇದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಕಾನೂನಿಗೆ ಗೆರೆಯ ಆಳ 1.6 ಮಿಲಿಮೀಟರ್ ಇದ್ದರೆ ಸಾಕು. ಚಾರ್ಮಾಡಿಯ ಮಳೆಗೆ ನನಗೆ ಅದು ಸಾಲದು, 3 ಮಿಲಿಮೀಟರ್‌ಗೆ ಇಳಿದಾಗಲೇ ಬದಲಾಯಿಸುತ್ತೇನೆ.

ಆಮೇಲೆ ಕಾರನ್ನು ರ‍್ಯಾಂಪ್ ಹತ್ತಿಸಿ, ನೀವೂ ಮೆಕ್ಯಾನಿಕ್ ಜೊತೆ ಕೆಳಗೆ ನಿಲ್ಲಿ. ಲಿಂಕ್ ರಾಡನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಟಕ್ ಅಂದರೆ ಅದರ ಬಾಲ್ ಜಾಯಿಂಟ್, ಅಂದರೆ ತುದಿಯ ಗುಂಡು ಕೀಲು, ಹೋಗಿದೆ. ಆ ಸಡಿಲು ತುಂಬುವ ತನಕ ಬಾರ್ ಕೆಲಸವನ್ನೇ ಶುರು ಮಾಡುವುದಿಲ್ಲ. ಬಾರ್ ಕೂತಿರುವ ಬುಷ್‌ನ ತೂತು ಮೊಟ್ಟೆಯಾಕಾರ ಆಗಿದೆಯೇ ಗಮನಿಸಿ. ಶಾಕ್ ಅಬ್ಸಾರ್ಬರ್ ಮೈಮೇಲೆ ಎಣ್ಣೆ ಒಸರಿ ಧೂಳು ಹತ್ತಿಕೊಂಡಿದ್ದರೆ ಅದರ ಆಯಸ್ಸು ಮುಗಿದಿದೆ. ಚಕ್ರವನ್ನು ಕೆಳಗಿನಿಂದ ಕಾರಿಗೆ ಹಿಡಿದಿಡುವ ಲೋವರ್ ಆರ್ಮ್‌ನ ಬುಷ್‌ನ ರಬ್ಬರ್ ಸೀಳಿದೆಯೇ ಟಾರ್ಚ್ ಹಾಕಿ ನೋಡಿ.

ಅಮ್ಮನ ವಾಂತಿಗೆ ಶಾಕ್ ಅಬ್ಸಾರ್ಬರ್ ಮೇಲೆಯೇ ನನಗೆ ಹೆಚ್ಚು ಅನುಮಾನ. ಎಷ್ಟು ವಾಲಬೇಕು ಅನ್ನುವುದು ಸ್ಪ್ರಿಂಗ್ ಮತ್ತು ಬಾರ್ ಕೈಯಲ್ಲಿದೆ. ಎಷ್ಟು ಬೇಗ ವಾಲಬೇಕು, ವಾಲಿದ ಮೇಲೆ ಎಷ್ಟು ಬೇಗ ಸುಮ್ಮನಾಗಬೇಕು ಅನ್ನುವುದು ಶಾಕ್ ಕೈಯಲ್ಲಿದೆ. ಸೋತ ಶಾಕ್ ಇದ್ದರೆ ಒಂದು ತಿರುವಿನ ತೂಗಾಟ ನಿಲ್ಲುವ ಮೊದಲೇ ಮುಂದಿನ ತಿರುವು ಬರುತ್ತದೆ. ಹಿಂದೆ ಕೂತವರಿಗೆ ತೊಟ್ಟಿಲಲ್ಲಿ ಕೂತ ಹಾಗೆ. ಕಂಪನಿ ಅಳತೆಯದ್ದೇ ಹೊಸ ಶಾಕ್ ಹಾಕಿಸಿ, ಎಡ ಬಲ ಎರಡೂ ಒಟ್ಟಿಗೆ. ಜೊತೆಗೆ ಮುಂದಿನ ಶಾಕ್‌ನ ತಲೆಯನ್ನು ಕಾರಿನ ಬಾಡಿಗೆ ಹಿಡಿಯುವ ಸ್ಟ್ರಟ್ ಮೌಂಟ್, ಶಾಕ್ ಪೂರ್ತಿ ಕುಗ್ಗಿದಾಗ ಪೆಟ್ಟು ತಡೆಯುವ ಬಂಪ್ ಸ್ಟಾಪ್ ಕೂಡ. ಕೊನೆಗೆ ವೀಲ್ ಅಲೈನ್‌ಮೆಂಟ್. ಅಮ್ಮನನ್ನು ಮುಂದಿನ ಸೀಟಿಗೆ ಕೂರಿಸಿ, ದೂರದ ರಸ್ತೆ ನೋಡಲು ಹೇಳಿ. ತಿರುವಿಗೆ ಮೊದಲೇ ವೇಗ ಇಳಿಸಿ, ಸ್ಟಿಯರಿಂಗ್ ಒಂದೇ ಸಮ ತಿರುಗಿಸಿ.

ಕೆಲಸ ಮಾಡಿಸುವಾಗ ಒಂದು ವಿಷಯ ಕಣ್ಣಾರೆ ನೋಡಿಕೊಳ್ಳಿ. ಲೋವರ್ ಆರ್ಮ್ ಬುಷ್‌ನ ಬೋಲ್ಟ್ ಕೊನೆಯ ಬಿಗಿ ಮಾಡುವಾಗ ಕಾರಿನ ಭಾರ ಚಕ್ರಗಳ ಮೇಲೆ ಕೂತಿರಬೇಕು. ಚಕ್ರ ಜೋತಾಡುವಾಗಲೇ ಬಿಗಿದರೆ, ಕಾರು ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಆ ಸ್ಥಿತಿಯಲ್ಲೇ ಉಳಿಯುತ್ತದೆ. ಹೊಸ ಬುಷ್ ಬೇಗ ಸೀಳುವುದಕ್ಕೆ ಇದೊಂದು ದೊಡ್ಡ ಕಾರಣ. ಅವಸರದಲ್ಲಿ ಇದನ್ನು ಬಿಟ್ಟುಬಿಡುವುದು ಸುಲಭ.

ತಗ್ಗಿಸುವ ಸ್ಪ್ರಿಂಗ್ ಬೇಡವೇ ಬೇಡ. ನಮ್ಮ ಹಂಪ್‌ಗಳಿಗೆ ಕಾರಿನ ಹೊಟ್ಟೆ ತಾಗುತ್ತದೆ, ಶಾಕ್ ಆಡಲು ಜಾಗವೂ ಕಡಿಮೆಯಾಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ತಯಾರಕರು ಕೊಟ್ಟ ಅಳತೆಗೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ. ಅಪಘಾತವಾದರೆ ವಿಮೆಯವರು ಮೊದಲು ಕೇಳುವುದೂ ಅದನ್ನೇ. ಸವೆದದ್ದನ್ನೆಲ್ಲ ಬದಲಾಯಿಸಿ ಒಂದು ಮಳೆಗಾಲ ಓಡಿಸಿ. ಆಮೇಲೂ ಬಾರ್ ಬೇಕು ಅನಿಸಿದರೆ ಮತ್ತೆ ಬರೆಯಿರಿ.

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದು ಸಣ್ಣ ತೋಟ. ಕೊಯ್ಲಿನ ಹೊತ್ತಲ್ಲಿ ನಮ್ಮ ಸಣ್ಣ ಎಸ್‌ಯುವಿಯಲ್ಲೇ ಐದಾರು ಮೂಟೆ ಕಾಫಿ ಸಾಗಿಸುತ್ತೇವೆ. ಹಿಂದೆ ಕುಸಿದು ತೋಟದ ದಾರಿಯಲ್ಲಿ ಅಡಿ ಹೊಡೆಯುತ್ತದೆ. ಕಾಯಿಲ್ ಸ್ಪ್ರಿಂಗ್ ನಡುವೆ ರಬ್ಬರ್ ಬಫರ್ ಸಿಕ್ಕಿಸಿ, ಸ್ಪೇಸರ್ ಹಾಕಿ ಒಂದೂವರೆ ಇಂಚು ಎತ್ತರಿಸಿ ಕೊಡ್ತೀವಿ ಅಂತಾರೆ. ಒಳ್ಳೆಯದಾ?

ಉತ್ತರ: ಮೂಟೆಗೆ 50 ಕೆಜಿ ಅಂದರೂ ಆರು ಮೂಟೆಗೆ 300 ಕೆಜಿ. ಡ್ರೈವರ್ ಜೊತೆ ಇನ್ನಿಬ್ಬರು ಕೂತರೆ ಸಣ್ಣ ಎಸ್‌ಯುವಿ ಹೊರಬಹುದಾದ ಭಾರ ಹೆಚ್ಚು ಕಡಿಮೆ ಮುಗಿದೇ ಹೋಯಿತು. ಅದರಲ್ಲೂ ಮೂಟೆಯ ಭಾರವೆಲ್ಲ ಹಿಂದಿನ ಆಕ್ಸಲ್ ಮೇಲೆ. ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಒಟ್ಟು ತೂಕದ ಮಿತಿ ಕೊಟ್ಟಿರುತ್ತಾರೆ, ಮೊದಲು ಅದನ್ನು ನೋಡಿ.

ರಬ್ಬರ್ ಬಫರ್ ಸಿಕ್ಕಿಸಿದ ಸುತ್ತುಗಳು ಕುಗ್ಗುವುದು ಕಡಿಮೆಯಾಗುತ್ತದೆ, ಅವುಗಳ ಪಾಲಿನ ಕೆಲಸವೂ ಉಳಿದ ಸುತ್ತುಗಳ ಮೇಲೆ ಬೀಳುತ್ತದೆ. ಖಾಲಿ ಗಾಡಿ ಕುಪ್ಪಳಿಸುತ್ತದೆ, ಹಳೇ ಶಾಕ್‌ಗೆ ಆ ಬಿಗಿಯನ್ನು ಹಿಡಿಯಲು ಆಗುವುದಿಲ್ಲ. ಸ್ಪೇಸರ್ ಹಾಕಿದರೆ ಸ್ಪ್ರಿಂಗ್‌ಗೆ ಹೊರುವ ಶಕ್ತಿ ಒಂದು ಚೂರೂ ಹೆಚ್ಚುವುದಿಲ್ಲ, ಗಾಡಿ ಎತ್ತರವಾಗುತ್ತದೆ ಅಷ್ಟೇ. ಎತ್ತರವಾದಷ್ಟೂ ವಾಲುವುದು ಜಾಸ್ತಿ, ಮುಂದೆ ಎತ್ತರಿಸಿದರೆ ಎಂಜಿನ್ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಶಾಫ್ಟ್‌ನ ಜಾಯಿಂಟ್ ಓರೆಯಾಗಿ ಅದರ ರಬ್ಬರ್ ಬೂಟ್ ಬೇಗ ಹರಿಯುತ್ತದೆ. 300 ಕೆಜಿ ಹೊತ್ತು ಶಿರಾಡಿ ಘಾಟಿ ಇಳಿಯುವಾಗ ಇದೆಲ್ಲ ಒಟ್ಟಿಗೆ ಕಾಡುತ್ತದೆ.

ಕೊಯ್ಲಿನ ದಿನಗಳಿಗೆ ಬಾಡಿಗೆ ಪಿಕಪ್ ಮಾಡಿ. ಅದರ ಹಿಂದಿನ ಲೀಫ್ ಸ್ಪ್ರಿಂಗ್ ಇರುವುದೇ ಆ ಕೆಲಸಕ್ಕೆ. ನಿಮ್ಮ ಗಾಡಿಯ ಹಿಂದಿನ ಸ್ಪ್ರಿಂಗ್ ಖಾಲಿ ಇದ್ದಾಗಲೂ ಕುಸಿದಿದ್ದರೆ ಕಂಪನಿಯದ್ದೇ ಹೊಸ ಜೊತೆ ಹಾಕಿಸಿ, ಎಂಜಿನ್ ಅಡಿಗೆ ಒಂದು ಗಟ್ಟಿ ಸ್ಕಿಡ್ ಪ್ಲೇಟ್ ಹಾಕಿಸಿ.

ಪ್ರಶ್ನೆ: ಹಾಸನದ ಬಿ.ಎಂ. ರಸ್ತೆಯಲ್ಲಿ ಸಣ್ಣ ಗುಂಡಿಗೂ ಮುಂದಿನಿಂದ ಕಟ ಕಟ ಸದ್ದು. ಎರಡೂ ಲಿಂಕ್ ರಾಡ್ ಹೊಸದು ಹಾಕಿಸಿದೆ, ಸದ್ದು ಹೋಗಿಲ್ಲ. ಇನ್ನೇನು?

ಉತ್ತರ: ಸುಮ್ನೆ ಒಂದೊಂದೇ ಭಾಗ ಬದಲಾಯಿಸುತ್ತಾ ಹೋಗಬೇಡಿ. ಗ್ಯಾರೇಜಿನಲ್ಲಿ ಎರಡೂ ಮುಂದಿನ ಚಕ್ರ ಸಮವಾಗಿ ಎತ್ತಿಸಿ, ಎರಡೂ ಲಿಂಕ್ ಬಿಚ್ಚಿಸಿ, ಬಾರ್ ಎಲ್ಲೂ ತಾಗದಂತೆ ಕಟ್ಟಿಸಿ. ಒಂದೇ ಚಕ್ರ ಎತ್ತಿದರೆ ಬಾರ್ ತಿರುಚಿಕೊಂಡಿರುತ್ತದೆ, ಬಿಚ್ಚುವಾಗ ಚಿಮ್ಮಿ ಕೈಗೆ ಬಡಿಯಬಹುದು. ಆಮೇಲೆ ಪಕ್ಕದ ಖಾಲಿ ರಸ್ತೆಯಲ್ಲಿ ನಡೆಯುವ ವೇಗದಲ್ಲಿ ಒಂದು ಗುಂಡಿ ದಾಟಿಸಿ. ಸದ್ದು ನಿಂತರೆ ತಪ್ಪು ಬಾರ್‌ನ ಬುಷ್‌ನಲ್ಲಿದೆ, ಇಲ್ಲವೇ ಹೊಸ ಲಿಂಕ್‌ನ ನಟ್ ಸರಿಯಾಗಿ ಬಿಗಿದಿಲ್ಲ. ಸದ್ದು ಹಾಗೇ ಇದ್ದರೆ ಬಾನೆಟ್ ತೆಗೆದು ಸ್ಟ್ರಟ್ ಮೌಂಟ್ ಮೇಲೆ ಅಂಗೈ ಇಡಿ, ಯಾರಾದರೂ ಸ್ಟಿಯರಿಂಗ್ ಆಚೆ ಈಚೆ ತಿರುಗಿಸಲಿ. ಅಂಗೈಗೆ ಕಟ್ ಅಂತ ಹೊಡೆದರೆ ಅಲ್ಲೇ ಇದೆ. ಅಲ್ಲೂ ಇಲ್ಲದಿದ್ದರೆ ಲೋವರ್ ಆರ್ಮ್‌ನ ಬಾಲ್ ಜಾಯಿಂಟ್ ನೋಡಿಸಿ. ಅದು ಸಡಿಲವಾಗಿದ್ದರೆ ಬದಲಾಯಿಸುವ ತನಕ ಕಾರು ಗ್ಯಾರೇಜಿನಲ್ಲೇ ಇರಲಿ.