ನೀರು ಬಾರದ ಸುರಂಗಗಳು

ಪ್ರಶ್ನೆ: ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಸಂಬಳದ ಜೊತೆಗಿರಲಿ ಅಂತ ಸಣ್ಣ ಹೊಲಿಗೆ ಘಟಕ ಶುರು ಮಾಡಿ ಕೈ ಸುಟ್ಟುಕೊಂಡೆ. ಮತ್ತೆ ಮಾಡೋಣ ಅಂದರೆ ಮನೆಯಲ್ಲಿ ನಗುತ್ತಾರೆ. ಧೈರ್ಯಕ್ಕೆಂದು ದೊಡ್ಡ ಉದ್ಯಮಿಗಳ ಜೀವನಚರಿತ್ರೆ ಓದಿದರೆ ಇನ್ನೂ ಕುಗ್ಗಿಹೋಗುತ್ತೇನೆ. ಏನು ಮಾಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಆ ಪುಸ್ತಕಗಳನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಕಿತ್ತಳೆ ಮಾರಿ ಊರಿಗೆ ಶಾಲೆ ತಂದ ಹರೇಕಳ ಹಾಜಬ್ಬರ ಕಥೆ ನಿಮಗೆ ಗೊತ್ತೇ ಇರುತ್ತದೆ. ಆದರೆ ನಿಮ್ಮ ಪರಿಸ್ಥಿತಿಗೆ ಇನ್ನೂ ಹತ್ತಿರದವರು ಅಮೈ ಮಹಾಲಿಂಗ ನಾಯ್ಕರು.

ದಕ್ಷಿಣ ಕನ್ನಡದ ಬಂಟ್ವಾಳ ತಾಲೂಕಿನಲ್ಲಿ ಅಡ್ಯನಡ್ಕ ಅಂತ ಊರಿದೆ. ಅದರ ಹತ್ತಿರದವರು. ಬೇರೆಯವರ ತೋಟದಲ್ಲಿ ಅಡಿಕೆ, ತೆಂಗಿನ ಮರ ಹತ್ತುವ ಕೂಲಿ. ಇವರ ದುಡಿಮೆ ಮೆಚ್ಚಿ ಭೂಮಾಲೀಕರೊಬ್ಬರು ಎರಡು ಎಕರೆಯಷ್ಟು ಜಾಗ ಕೊಟ್ಟರು. ಜಾಗವೇನೋ ಸಿಕ್ಕಿತು, ಬೋಳು ಗುಡ್ಡ, ಹನಿ ನೀರಿಲ್ಲ. ಬಾವಿ ತೋಡಿಸುವಷ್ಟು ದುಡ್ಡೂ ಇಲ್ಲ. ಆ ಕಡೆ ಗುಡ್ಡಕ್ಕೆ ಅಡ್ಡಡ್ಡ ಸುರಂಗ ಕೊರೆಯುವ ಹಳೇ ಪದ್ಧತಿಯಿದೆ. ಒಳಗೆ ಒರತೆ ಸಿಕ್ಕಿದರೆ ನೀರು ತಾನಾಗಿ ಹೊರಗೆ ಹರಿಯುತ್ತದೆ, ಪಂಪು ಬೇಡ, ಕರೆಂಟು ಬೇಡ. ನಾಯ್ಕರು ಹಗಲಿಡೀ ಕೂಲಿ ಮುಗಿಸಿ, ಸಂಜೆ ಮೇಲೆ ದೀಪ ಹಚ್ಚಿಕೊಂಡು ಒಬ್ಬರೇ ಒಳಗೆ ಹೋಗಿ ಅಗೆದರು, ಮಣ್ಣನ್ನೂ ತಾವೇ ಹೊತ್ತು ಹಾಕಿದರು.

ನೀರು ಬರಲಿಲ್ಲ. ಇನ್ನೊಂದು ಕೊರೆದರು, ಅದೂ ಒಣ. ಹೀಗೆ ಒಂದಾದ ಮೇಲೊಂದು ವ್ಯರ್ಥವಾಗಿ ವರ್ಷಗಳೇ ಹೋದವು. ಊರಿನವರು ನಕ್ಕರು (ನಿಮ್ಮ ಮನೆಯವರ ನಗು ಇದರ ಮುಂದೆ ಏನೂ ಅಲ್ಲ ಬಿಡಿ). ಕೊನೆಗೂ ಒರತೆ ಸಿಕ್ಕಿತು, ಗುಡ್ಡದಲ್ಲಿ ಅಡಿಕೆ ತೋಟ ಎದ್ದಿತು. 2022ರಲ್ಲಿ ಪದ್ಮಶ್ರೀ ಬಂತು.

ನೀವು ಪದ್ಮಶ್ರೀಯ ಫೋಟೋ ನೋಡಬೇಡಿ. ಫೋಟೋ ತೆಗೆಯೋಕೆ ಯಾರೂ ಇಲ್ಲದಿದ್ದ ಆ ಒಣ ವರ್ಷಗಳನ್ನು ನೋಡಿ. ಆಗ ಅವರು ಕೂಲಿ ಬಿಡಲಿಲ್ಲ, ಎಲ್ಲವನ್ನೂ ಒಂದೇ ಸುರಂಗಕ್ಕೆ ಸುರಿಯಲಿಲ್ಲ. ಸೋತರೂ ಮರುದಿನದ ಊಟಕ್ಕೆ ತೊಂದರೆಯಾಗದ ಹಾಗೆ ಸೋತರು. ನನಗೆ ಅವರಲ್ಲಿ ಜಾಸ್ತಿ ಹಿಡಿಸಿದ್ದು ಇದೇ.

ಹಾಗಾಗಿ ಅಂಗಡಿ ಕೆಲಸ ಈಗಲೇ ಬಿಡಬೇಡಿ. ಕಳೆದ ಸಲ ದುಡ್ಡು ಎಲ್ಲಿ ಸೋರಿತು, ಬಾಡಿಗೆಯಲ್ಲೋ, ಬಡ್ಡಿಯಲ್ಲೋ, ಮಾರಾಟವಾಗದೆ ಉಳಿದ ಬಟ್ಟೆಯಲ್ಲೋ, ಬರೆದು ನೋಡಿ. ಲೆಕ್ಕ ನಿಮ್ಮ ಕಸುಬೇ ಅಲ್ವಾ? ಆಮೇಲೆ ಒಂದೇ ಮಷಿನ್ ಇಟ್ಟು, ಸಾಲ ಮಾಡದೆ, ಸಂಜೆ ಹೊತ್ತು ಶುರು ಮಾಡಿ. ಮನೆಯವರಿಗೆ ಈಗಲೇ ಹೇಳಲೇಬೇಕು ಅಂತೇನಿಲ್ಲ, ಮೊದಲ ಆರ್ಡರ್ ಬಂದ ಮೇಲೆ ಹೇಳಿದರೂ ನಡೆಯುತ್ತೆ.