ಕಲ್ಲಿನೊಳಗಿನ ಕಸ

ಪತ್ರ: "ಕಳೆದ ಸಂಚಿಕೆಯ ರತ್ನಗಳ ಲೇಖನದಲ್ಲಿ, ಒಳಗೆ ಎಳೆ, ಚುಕ್ಕೆ ಇರುವ ಕಲ್ಲುಗಳನ್ನು ಬಾಯ್ತುಂಬ ಹೊಗಳಿದ್ದೀರಿ. ರತ್ನ ಅಂದರೆ ತಿಳಿನೀರಿನಂತಿರಬೇಕು. ಕಸ ಬಿದ್ದ ಕಲ್ಲನ್ನು ಅಪರೂಪದ್ದು ಅನ್ನುವುದು ಓದುಗರ ಕಣ್ಣಿಗೆ ಮಣ್ಣೆರಚಿದಂತಲ್ಲವೇ?"

ಉತ್ತರ: ನಿಮ್ಮ ಮಾತು ಪೂರ್ತಿ ತಪ್ಪಲ್ಲ. ಮೇಲಿನವರೆಗೆ ಬಂದ ಬಿರುಕಿದ್ದರೆ, ಏಟು ಬಿದ್ದಾಗ ಕಲ್ಲು ಅಲ್ಲೇ ಸೀಳಬಹುದು. ಒಪ್ಪಿದೆ. ನಿಮ್ಮ ಪರವಾದ ಮಾತು ಅಲ್ಲಿಗೆ ಮುಗಿಯಿತು.

ಆದರೆ 'ಕಸ' ಅಂದಿರಲ್ಲ, ಅದು ನನ್ನನ್ನು ಕೆಣಕಿತು. ಮಾಣಿಕ್ಯ, ನೀಲ ಎರಡಕ್ಕೂ ಮೂಲ ಕೊರಂಡಂ ಎಂಬ ಖನಿಜ. ಕಸವೇ ಇಲ್ಲದ ಕೊರಂಡಂ ಹೇಗಿರುತ್ತದೆ ಗೊತ್ತಾ? ಗಾಜಿನ ಚೂರಿನ ಹಾಗೆ, ಬಣ್ಣವೇ ಇರುವುದಿಲ್ಲ. ಅದಕ್ಕೆ ಚೂರೇ ಚೂರು ಕ್ರೋಮಿಯಂ ಸೇರಿದರೆ ಮಾಣಿಕ್ಯ. ಕಬ್ಬಿಣ, ಟೈಟಾನಿಯಂ ಎರಡೂ ಸೇರಿದರೆ ನೀಲ. ನೀವು ಮೆಚ್ಚುವ ಆ ಕೆಂಪೇ ಕಲಬೆರಕೆ, ಸ್ವಾಮಿ! ಅದೇ ಕ್ರೋಮಿಯಂ ಇನ್ನೊಂದು ಖನಿಜವಾದ ಕ್ರಿಸೊಬೆರಿಲ್‌ಗೆ ಹೊಕ್ಕರೆ ಅಲೆಕ್ಸಾಂಡ್ರೈಟ್: ಹಗಲಲ್ಲಿ ಹಸಿರು, ಮೇಣದಬತ್ತಿಯ ಬೆಳಕಲ್ಲಿ ಕೆಂಪು.

ಒಮ್ಮೆ ಪರಿಚಯದವರೊಬ್ಬರು ಯುರಲ್ ಬೆಟ್ಟದ ಡೆಮಂಟಾಯ್ಡ್ ತೋರಿಸಿದರು. ಗಾರ್ನೆಟ್ ಜಾತಿಯ ಹಸಿರು ಕಲ್ಲು. ಬರಿಗಣ್ಣಿಗೆ ನಡುವೆ ಏನೋ ಮಸುಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಅಂದರೆ ಪುಟ್ಟ ಭೂತಗನ್ನಡಿ, ಹಿಡಿದೆ. ಒಂದು ಕಪ್ಪು ಕಾಳು, ಅದರಿಂದ ಹೊರಟು ಬಾಗಿ ಹರಡಿದ ಹೊಂಬಣ್ಣದ ಎಳೆಗಳು, ಕುದುರೆ ಬಾಲ ಬೀಸಿದ ಹಾಗೆ. ಉಸಿರು ತಾಗಿ ಗಾಜು ಮಂಜಾಯಿತು. ಒರೆಸಿ ಮತ್ತೆ ನೋಡಿದೆ. ಆ ಎಳೆಗಳು ಕ್ರೈಸೊಟೈಲ್, ಅಂದರೆ ನಮ್ಮ ಕಲ್ನಾರು! ಬಾಲ ಚೆನ್ನಾಗಿ ಮೂಡಿದ್ದರೆ ಕಲ್ಲಿಗೆ ಬೆಲೆ ಜಾಸ್ತಿ, ಕಡಿಮೆಯಲ್ಲ.

ನಕ್ಷತ್ರ ಮಾಣಿಕ್ಯದ ಆರು ಕಿರಣಗಳೂ ಕಸದ ಕೆಲಸವೇ. ರೂಟೈಲ್ ಎಂಬ ಖನಿಜದ ಕೂದಲಿಗಿಂತ ತೆಳು ಸೂಜಿಗಳು ಮೂರು ದಿಕ್ಕಿನಲ್ಲಿ ಹೆಣೆದಿರುತ್ತವೆ. ಇನ್ನು ಕೆಲವರು ಕಲ್ಲನ್ನು ಕುಲುಮೆಯಲ್ಲಿ ಚೆನ್ನಾಗಿ ಕಾಯಿಸಿ ಆ ಸೂಜಿಗಳನ್ನೇ ಕರಗಿಸಿ, ತಿಳಿ ಮಾಡಿ ಕೊಡುತ್ತಾರೆ. ನಿಮ್ಮಂಥವರಿಗಾಗಿಯೇ. ಸೂಜಿ ಮುರಿಯದೆ ಉಳಿದಿದ್ದರೆ ಕಲ್ಲು ಅಂಥ ಬಿಸಿ ಕಂಡಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ.

1945ರಲ್ಲಿ ಡಬ್ಲಿನ್‌ನಲ್ಲಿ ರಿಚರ್ಡ್ ಟಾಫ್ ಎಂಬಾತ ಹಳೆಯ ಕಲ್ಲುಗಳ ರಾಶಿಯನ್ನು ವಿಂಗಡಿಸುತ್ತಿದ್ದ. ತಿಳಿ ನೇರಳೆ ಬಣ್ಣದ ಒಂದು ಕಲ್ಲು, ನೋಡಲು ಸ್ಪಿನೆಲ್ ಎಂಬ ರತ್ನದ ಹಾಗೆ. ಆದರೆ ಅದರ ಹಿಂಬದಿಯ ಧೂಳು, ಗೀರು ಎಲ್ಲ ಎರಡೆರಡಾಗಿ ಕಂಡವು. ಸ್ಪಿನೆಲ್‌ನಲ್ಲಿ ಹಾಗಾಗುವುದಿಲ್ಲ. ಪರೀಕ್ಷೆ ಮಾಡಿಸಿದರೆ ಅದು ಜಗತ್ತಿಗೇ ಹೊಸ ಖನಿಜ! ಈಗ ಅದರ ಹೆಸರು ಟಾಫೈಟ್. ಕಲ್ಲನ್ನು ಫಳಫಳ ಒರೆಸಿಟ್ಟಿದ್ದರೆ ಅವನ ಕಣ್ಣಿಗೆ ಬೀಳುತ್ತಿತ್ತೋ ಇಲ್ಲವೋ.

ಈ ತಿಳಿ ಮಾಡುವ ಚಟ ಕಲ್ಲಿಗೆ ಮಾತ್ರ ಅಂಟಿದ್ದಲ್ಲ, ಅಲ್ವಾ? ಪತ್ರಿಕೆಗೆ ಬರುವ ಫೋಟೊಗಳಲ್ಲಿ ಯಾರ ಮುಖದಲ್ಲೂ ಒಂದು ಮಚ್ಚೆ ಇಲ್ಲ. ಲೇಖನಗಳೂ ಹಾಗೇ. ಬರೆದವರ ಊರಿನ ಒಂದು ಮಾತೂ ಉಳಿಯದಂತೆ ತೊಳೆದು ಕಳಿಸುತ್ತಾರೆ. ಯಾರು ಬರೆದದ್ದು ಅಂತ ಹೆಸರು ನೋಡಿಯೇ ತಿಳಿಯಬೇಕು.

ನಿಮ್ಮ ಪತ್ರ ಹಾಗಿರಲಿಲ್ಲ. ಕೈಬರಹ, ನಡುವೆ ಹೊಡೆದು ಹಾಕಿದ ಒಂದು ಸಾಲು. ಹಾಳೆಯನ್ನು ಬೆಳಕಿಗೆ ಹಿಡಿದು ಅದನ್ನೂ ಓದಿದೆ. "ನನ್ನ ಹತ್ತಿರವೂ ಅಂಥದ್ದೊಂದು ಇದೆ" ಅಂತ ಬರೆದು ಯಾಕೆ ಹೊಡೆದಿರಿ?